ನಾಲ್ಕು ಗಂಟೆ ಬಾಳುವ ಬ್ಯಾಟರಿ

ಅಂಗಡಿಗಳಲ್ಲಿ ಎಲ್ಲರೂ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: ‘ಏನ್ ಕೆಲಸಕ್ಕೆ ಮೇಡಂ?’

‘ಹಳೇ ವಿಡಿಯೋ ಗೇಮ್ ಆಡಕ್ಕೆ. ಆಗಾಗ ಇಂಟರ್‌ನೆಟ್ ನೋಡಕ್ಕೆ’ ಎನ್ನುತ್ತಿದ್ದೆ.

ಅವರು ನನ್ನ ಮುಖವನ್ನೂ ಹೆಗಲಿಗಿದ್ದ ಕಾಲೇಜಿನ ಚೀಲವನ್ನೂ ಒಮ್ಮೆ ನೋಡಿ ನಗುತ್ತಿದ್ದರು. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಡುವವನು ಯಾರು, ಎಲ್ಲಿ ಮಲಗಿ ಆಡುತ್ತಾನೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಅಪರಿಚಿತರ ಮುಂದೆ ಮನೆಯ ಕಷ್ಟ ಬಿಚ್ಚಿಡುವುದು ನನಗೆ ಮೊದಲಿನಿಂದಲೂ ಆಗದ ಕೆಲಸ.

ಆಡಬೇಕಾದವನು ನನ್ನ ಅಣ್ಣ. ಮಾಕವಳ್ಳಿಯ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರು ಓಡಿಸುತ್ತಿದ್ದವನು. ಅವನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ವರ್ಷ ಕಳೆದಿತ್ತು. ಪ್ರತಿ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಕೆ.ಆರ್. ಪೇಟೆಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚುತ್ತಾರೆ. ಒಂದು ನಳಿಕೆಯಿಂದ ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ಶುದ್ಧವಾಗಿ, ಇನ್ನೊಂದರಿಂದ ಒಳಗೆ ಬರುತ್ತದೆ. ನಾಲ್ಕು ಗಂಟೆ ಆ ಕೈಯನ್ನು ಅಲ್ಲಾಡಿಸುವಂತಿಲ್ಲ. ಬಲಗೈ ಮಾತ್ರ ಅವನದು.

ಒಂದು ಗುರುವಾರ ಅವನು ಹೋಗಲಿಲ್ಲ. ಮೈ ಸರಿ ಇಲ್ಲ ಎಂದ. ಸೋಮವಾರ ಆಟೋ ಬಂದು ಬಾಗಿಲಲ್ಲಿ ನಿಂತಾಗ ಜಗಲಿಯ ಮಂಚದಿಂದ ಏಳಲೇ ಇಲ್ಲ.

‘ಇನ್ ನಂಗಾಗಕಿಲ್ಲ ಕನವ್ವ. ಸೂಜಿ ಚುಚ್ಚುಸ್ಕಂಡು ಸೂರು ನೋಡ್ಕಂಡು ಬಿದ್ಕಳದು. ಯಾವತ್ತಿಗೆ ಮುಗೀತದೆ ಅದು? ಮುಗಿಯಕಿಲ್ಲ.’

‘ಇಂಗಂದ್ರೆ ಎಂಗಪ್ಪಾ? ನನ್ ಮುಖ ನೋಡಾದ್ರೂ ಎದ್ದೇಳಪ್ಪ’ ಎಂದಳು ಅವ್ವ.

‘ನಿನ್ ಮುಖ ನೋಡ್ಕಂಡೇ ವರ್ಷ ಪೂರಾ ಅಲ್ಲಿಗೋದ್ನಲ್ಲ.’

ಅವ್ವ ಒಳಗೆ ಹೋದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವನ ಪಾದಗಳು ಆಗಲೇ ಊದಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು, ಆ ಕುಳಿ ಹಾಗೇ ಉಳಿಯುತ್ತಿತ್ತು. ಎರಡು ಮಾತಾಡಿದರೆ ಉಸಿರು ಎಳೆಯುತ್ತಿದ್ದ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಶುದ್ಧವಾಗದ ರಕ್ತದಲ್ಲಿ ದಿನದಿಂದ ದಿನಕ್ಕೆ ಏನು ಏರುತ್ತದೆ, ಏರಿದ್ದು ಹೃದಯಕ್ಕೆ ಏನು ಮಾಡುತ್ತದೆ ಎಂಬುದು ಗೊತ್ತಿತ್ತು. ಗೊತ್ತಿದ್ದದ್ದರಿಂದ ಏನೂ ಪ್ರಯೋಜನವಿರಲಿಲ್ಲ.

ನನ್ನನ್ನು ನೋಡಿ ಅಣ್ಣ ಹೇಳಿದ: ‘ಆ ಮಿಷಿನ್ ಪಕ್ಕ ನಮ್ಮ ಟ್ಯಾಂಕಿನ ಆಟನಾದ್ರೂ ಇದ್ದಿದ್ರೆ ಆಗಿರದು. ತಂದ್ಕೊಟ್ಬುಡು, ಬತ್ತೀನಿ.’

ಅಣಕಿಸಿ ಹೇಳಿದ ಮಾತು ಅದು. ನಾನು ಅದನ್ನು ಒಪ್ಪಂದ ಎಂದು ತೆಗೆದುಕೊಂಡೆ. ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ.

ಟ್ಯಾಂಕಿನ ಆಟ ನಮ್ಮ ಬಾಲ್ಯದ್ದು. ಅಪ್ಪ ಬದುಕಿದ್ದಾಗ ಒಮ್ಮೆ ಮೈಸೂರಿನ ವಸ್ತುಪ್ರದರ್ಶನದಿಂದ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ತಂದಿದ್ದರು. ಹಳದಿ ಕ್ಯಾಸೆಟ್ಟು, ಎರಡು ರಿಮೋಟು. ಇಟ್ಟಿಗೆ ಗೋಡೆಗಳ ನಡುವೆ ಟ್ಯಾಂಕು ಓಡಿಸಬೇಕು, ಕೆಳಗಿರುವ ನಮ್ಮ ಕೋಟೆಯನ್ನು ಶತ್ರುಗಳಿಂದ ಕಾಪಾಡಬೇಕು. ಬೇಸಿಗೆ ರಜೆಯಲ್ಲಿ ಕರೆಂಟು ಇದ್ದಷ್ಟು ಹೊತ್ತು ಆಡುತ್ತಿದ್ದೆವು. ಅಣ್ಣ ಮುಂದೆ ನುಗ್ಗುತ್ತಿದ್ದ, ನಾನು ಕೋಟೆಯ ಪಕ್ಕದಿಂದ ಕದಲುತ್ತಿರಲಿಲ್ಲ. ‘ನೀನು ಅಲ್ಲೇ ಸಾಯಿ’ ಎಂದು ಬೈಯುತ್ತಿದ್ದ. ಆ ಯಂತ್ರ ಎಂದೋ ಕೆಟ್ಟು, ಅದರ ರಿಮೋಟಿನ ವಯರು ಬಟ್ಟೆ ಒಣಗಿಸಲು ಹೋಯಿತು.

ಫೋನಿನಲ್ಲೇ ಆಡಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನೋಡಿದ್ದೆವು. ಒಂದೇ ಕೈಯಲ್ಲಿ ಫೋನು ಹಿಡಿದು ಅದೇ ಕೈಯಿಂದ ಆಡಲು ಬರುವುದಿಲ್ಲ. ಅವನ ಬೆರಳ ತುದಿಗಳು ಜೋಮು ಹಿಡಿದಿದ್ದವು. ಗಾಜು ಮುಟ್ಟಿದರೆ ಮುಟ್ಟಿದೆನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಮ್ಮೆ ಫೋನು ಎದೆಯ ಮೇಲೆ ಬಿತ್ತು. ‘ಒತ್ತಿದ್ರೆ ಟಕ್ ಅನ್ಬೇಕು ಕಣಮ್ಮಿ, ಇದು ಗೋಡೆ ಸವರ್ದಂಗದೆ’ ಎಂದು ಎಸೆದಿದ್ದ.

ಹಾಗಾಗಿ ನನಗೆ ಬೇಕಾದದ್ದೇನು ಎಂದು ಖಚಿತವಾಗಿ ಗೊತ್ತಿತ್ತು. ಟಕ್ ಎನ್ನುವ ಕೀಲಿಗಳು. ಬಾಣದ ಗುರುತಿನ ಕೀಲಿಗಳು ದೊಡ್ಡವಿರಬೇಕು, ಅವುಗಳಿಗೆ ಹತ್ತಿರದಲ್ಲೇ ಗುಂಡು ಹಾರಿಸಲು ಇನ್ನೊಂದು ಕೀಲಿ ಸಿಗಬೇಕು, ಒಂದೇ ಕೈ ಎರಡನ್ನೂ ಮಾಡುವ ಹಾಗೆ. ಪರದೆ ಕನ್ನಡಿಯಂತೆ ಹೊಳೆಯಬಾರದು, ಮಲಗಿದವನ ಕಣ್ಣಿಗೆ ತಾರಸಿಯ ಟ್ಯೂಬ್‌ಲೈಟು ಅದರಲ್ಲಿ ಕಾಣಬಾರದು. ತೂಕ ಕಡಿಮೆ ಇರಬೇಕು, ತೊಡೆ ಸುಡಬಾರದು. ಆಟದ ಫೈಲು ಎಷ್ಟು ಚಿಕ್ಕದೆಂದರೆ ಎಂಥ ಮುದಿ ಯಂತ್ರವೂ ಅದನ್ನು ಓಡಿಸುತ್ತದೆ. ಅವನು ಬಿಡುವಿನಲ್ಲಿ ನೋಡುವ ಟ್ರ್ಯಾಕ್ಟರಿನ ವಿಡಿಯೋಗಳಿಗೂ ಹೆಚ್ಚಿನ ಶಕ್ತಿ ಬೇಡ. ಹೊಸದು ಕೊಳ್ಳುವ ಮಾತೇ ಇರಲಿಲ್ಲ, ಬೇಕೂ ಇರಲಿಲ್ಲ.

ಒಂದೇ ಒಂದು ತೊಡಕು. ಡಯಾಲಿಸಿಸ್ ಕೋಣೆಯ ಪ್ಲಗ್ಗುಗಳೆಲ್ಲ ಆ ಯಂತ್ರಗಳಿಗೇ ಮೀಸಲು. ಬೇರೇನನ್ನೂ ಚುಚ್ಚಬಾರದು ಎಂದು ಸಿಸ್ಟರ್ ಮೊದಲ ದಿನವೇ ಹೇಳಿದ್ದರು, ಅದು ಸರಿಯೂ ಹೌದು. ಆದ್ದರಿಂದ ಬ್ಯಾಟರಿ ನಾಲ್ಕು ಗಂಟೆ ಬಾಳಬೇಕು. ಅಗ್ಗದ ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸಿಗಬಹುದು, ಅದೊಂದು ಸಿಗುವುದಿಲ್ಲ.

ಮಂಗಳವಾರ ಕಾಲೇಜಿಗೆ ರಜೆ ಹಾಕಿ ಕೆ.ಆರ್. ಪೇಟೆಯಲ್ಲಿ ಹುಡುಕಿದೆ. ಮೊದಲ ಅಂಗಡಿಯಲ್ಲಿ ತೋರಿಸಿದ್ದು ದೊಡ್ಡ ಪರದೆಯ, ಕೆಂಪು ದೀಪ ಉರಿಯುವ ಕೀಲಿಗಳ ಯಂತ್ರ. ‘ಗೇಮಿಂಗ್ ಅಂದ್ರಲ್ಲ ಮೇಡಂ, ಇದೇ.’ ಎತ್ತಿ ನೋಡಿದೆ. ರಾಗಿ ಬೀಸುವ ಕಲ್ಲಿನ ಹಾಗಿತ್ತು.

‘ಚಾರ್ಜ್ ಎಷ್ಟೊತ್ತು ಬರುತ್ತೆ?’

‘ಕರೆಂಟಿಗೆ ಹಾಕ್ಕೊಂಡೇ ಆಡ್ಬೇಕು ಮೇಡಂ ಇಂಥವೆಲ್ಲ.’

ಎರಡನೆಯ ಅಂಗಡಿಯಲ್ಲಿ ಸಣ್ಣದೊಂದು ಇತ್ತು. ಬೆಲೆಯೂ ಹೊಂದುತ್ತಿತ್ತು. ವಯರು ಕಿತ್ತು ತೋರಿಸಿ ಎಂದೆ. ಅಂಗಡಿಯವರು ಯಾಕೋ ಹಿಂಜರಿದರು. ನಾನೇ ಕಿತ್ತೆ. ಪರದೆ ಕಣ್ಣು ಮುಚ್ಚಿದಂತೆ ಆರಿಹೋಯಿತು.

ಅಲ್ಲಿಂದ ನಾಗಮಂಗಲಕ್ಕೆ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕುಳಿತು, ಹೊರಗೆ ಹುರುಳಿ ಒಣಗಿಸಿದ ಹೊಲಗಳನ್ನು ನೋಡುತ್ತ, ಗುರುವಾರಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ಯೋಚಿಸದಿರಲು ಪ್ರಯತ್ನಿಸುತ್ತಿದ್ದೆ. ದೇವಲಾಪುರದ ಕಡೆಯ ಹೆಂಗಸೊಬ್ಬರು ಪಕ್ಕದಲ್ಲಿ ಕುಳಿತು, ಯಾವೂರವ್ವ, ಮದುವೆ ಆಗಿದ್ಯಾ, ಅಣ್ಣ ತಮ್ಮಂದಿರು ಎಷ್ಟು ಜನ ಎಂದು ಕೇಳಿದರು. ಒಬ್ಬ ಅಣ್ಣ ಇದ್ದಾನೆ ಎಂದೆ. ಇದ್ದಾನೆ ಎಂಬ ಪದ ಬಾಯಿಂದ ಬಂದದ್ದೇ, ಮುಂದಿನ ವಾರ ಇದೇ ಪ್ರಶ್ನೆ ಕೇಳಿದರೆ ಏನು ಹೇಳುತ್ತೇನೆ ಎಂದು ಮನಸ್ಸು ತಾನಾಗಿ ಮುಂದೆ ಓಡಿತು.

ನಾಗಮಂಗಲದ ಅಂಗಡಿಯವರು ಪ್ರಾಮಾಣಿಕರು. ‘ನಾಲ್ಕ್ ಗಂಟೆ ಅಂತ ಯಾರಾದ್ರೂ ಏಳಿದ್ರೆ ಸುಳ್ಳು ಕನಮ್ಮ. ನನ್ನತ್ರ ಇರವೆಲ್ಲ ಒಂದ್ ಗಂಟೆ. ಎಳೆದ್ರೆ ಒಂದೂಕಾಲು. ಬ್ಯಾರೆ ಬ್ಯಾಟ್ರಿ ತರಿಸ್ಬೇಕು ಅಂದ್ರೆ ವಾರ ಬೇಕು.’

ನನ್ನ ಬಳಿ ವಾರ ಇರಲಿಲ್ಲ. ಮನೆಗೆ ಬಂದಾಗ ಅಣ್ಣ ಜಗಲಿಯ ಕಂಬಕ್ಕೆ ದಿಂಬು ಇಟ್ಟು ಒರಗಿ ಕುಳಿತಿದ್ದ. ಮಲಗಿದರೆ ಉಸಿರು ಕಟ್ಟುತ್ತದೆ ಎಂದ. ಸಿಗ್ತಾ ಎಂದು ಕೇಳಲಿಲ್ಲ. ನಾನು ಎಲ್ಲಿಗೆ ಹೋಗಿದ್ದೆ ಎಂದು ಅವನಿಗೆ ಗೊತ್ತಿತ್ತು.

ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಅಂದು ಸಂಜೆ ಒಂದು ಚಿತ್ರ ಕಂಡಿತು. ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿ. ಕಚೇರಿಗಳಲ್ಲಿ ಬಳಸಿ ಹೊರಹಾಕುವಂಥ, ದಪ್ಪ ಅಂಚಿನ ಕಪ್ಪು ಲ್ಯಾಪ್‌ಟಾಪು. ಹಿಂಭಾಗದಲ್ಲಿ ಬ್ಯಾಟರಿ ಬಾಲದ ಹಾಗೆ ಹೊರಗೆ ಚಾಚಿತ್ತು. ಅಷ್ಟು ದೊಡ್ಡ ಬ್ಯಾಟರಿಯನ್ನು ಈಗ ಯಾರೂ ಮಾಡುವುದಿಲ್ಲ. ಫೋನು ಮಾಡಿದೆ. ಮಾರುವವರು ಮೈಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ‘ಬ್ಯಾಟ್ರಿ ಹಾಕ್ಸಿ ಜಾಸ್ತಿ ದಿನ ಆಗಿಲ್ಲ ಮೇಡಂ. ಮನೇಲಿ ನಮ್ಮ ತಾತ ಇರ್ತಾರೆ, ನೋಡ್ಕಂಡು ತಗೊಂಡ್ ಹೋಗಿ. ದುಡ್ಡು ನನ್ನ ನಂಬರಿಗೆ ಹಾಕಿ’ ಎಂದರು.

ಒಬ್ಬಳೇ ಹೋಗಬೇಡ ಎಂದು ಅವ್ವ ತನ್ನ ತಮ್ಮನನ್ನು ಕರೆಸಿದಳು. ಮಾವ ದನದ ವ್ಯಾಪಾರಿ. ಸಂತೆಬಾಚಹಳ್ಳಿಯ ಸುತ್ತ ಯಾರ ಮನೆಯ ಹಸು ಯಾವ ಮನೆಯಿಂದ ಬಂದದ್ದು ಎಂದು ಬಾಯಲ್ಲೇ ಹೇಳುವವರು. ಲ್ಯಾಪ್‌ಟಾಪನ್ನು ಅವರು ಕಂಡಿದ್ದು ಬ್ಯಾಂಕಿನ ಮೇಜಿನ ಮೇಲೆ ಮಾತ್ರ.

ಬುಧವಾರ ಪಾಂಡವಪುರದ ಕಾಲೇಜಿನಲ್ಲಿ ಬೆಳಗಿನ ತರಗತಿ ಮುಗಿಸಿ ಹೊರಗೆ ಬಂದಾಗ ಮಾವ ಗೇಟಿನ ಎದುರು ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರ ಬೈಕಿನ ಹಿಂದೆ ಕುಳಿತೆ. ದಾರಿಯುದ್ದಕ್ಕೂ ಕೂಗಿ ಕೂಗಿ ಕೇಳುತ್ತ ಬಂದರು. ‘ಅದುಕ್ಕೆ ಅಲ್ಲು ನೋಡಂಗದಾ? ಸುಳಿ ನೋಡಂಗದಾ? ಏನ್ ನೋಡ್ಬೇಕವ್ವ?’

‘ಬ್ಯಾಟರಿ ಮಾವ. ನಾಲ್ಕು ಗಂಟೆ ನಿಲ್ಲಬೇಕು. ಅದೊಂದೇ.’

‘ಅಂಗಾರೆ ಕರೆದು ನೋಡದು’ ಎಂದರು.

ಅವರ ಮಾತಿನ ಅರ್ಥ ಆ ಮನೆಯ ಜಗಲಿಯಲ್ಲಿ ತಿಳಿಯಿತು. ನಾಲೆಯ ಪಕ್ಕದ ಮನೆ. ತಾತ ದನಗಳಿಗೆ ಹುಲ್ಲು ಹಾಕುತ್ತಿದ್ದರು. ಒಳಗಿನಿಂದ ಲ್ಯಾಪ್‌ಟಾಪು ತಂದು ಮಣೆಯ ಮೇಲೂ ಅದರ ಚಾರ್ಜರನ್ನು ಪಕ್ಕದಲ್ಲೂ ಇಟ್ಟರು. ನಾನು ತೆರೆದು ನೋಡಿದೆ. ಕೀಲಿಗಳು ಟಕ್ ಎನ್ನುತ್ತಿದ್ದವು, ಪರದೆ ಹೊಳೆಯುತ್ತಿರಲಿಲ್ಲ, ತೂಕ ಪರವಾಗಿಲ್ಲ. ಬ್ಯಾಟರಿಯ ಗುರುತು ನೂರು ತೋರಿಸುತ್ತಿತ್ತು.

ಮಾವ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ‘ತಾತ, ತಪ್ಪು ತಿಳ್ಕಬ್ಯಾಡಿ. ಅಸ ಕೊಳ್ಳವ್ನು ಕೆಚ್ಲು ನೋಡಿ ದುಡ್ಡು ಕೊಡಕಿಲ್ಲ. ಕೂತು ಕರಿಸ್ಕಂಡು ನೋಡ್ತನೆ.’

ತಾತನಿಗೆ ಬೇಸರವಾಗಲಿಲ್ಲ. ಗೌರವ ಸಿಕ್ಕಿದಂತೆ ಮುಖ ಅರಳಿತು. ‘ನ್ಯಾಯ ಕನಪ್ಪ. ಮುಂಚಿನ ದಿನ ಕರೀದೆ ಕೆಚ್ಲು ತುಂಬ್ಸಿ ಮಾರೋ ಬಡ್ಡೆತ್ತವು ಅವ್ರೆ. ಕೂತ್ಕಳಿ. ಆಡ್ಲಿ ಅದು ಎಷ್ಟೊತ್ತು ಆಡ್ತದೋ.’

ಪೆನ್‌ಡ್ರೈವಿನಲ್ಲಿ ತಂದಿದ್ದ ಟ್ಯಾಂಕಿನ ಆಟವನ್ನು ಹಾಕಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಪರಿಚಿತರ ಜಗಲಿಯ ಮೇಲೆ ಕುಳಿತು, ಎಡಗೈಯನ್ನು ಸೆರಗಿನಡಿ ಕಟ್ಟಿಕೊಂಡು, ಬಲಗೈ ಒಂದರಿಂದಲೇ ಆಡಿದೆ. ಆಡುತ್ತಲೇ ಇದ್ದೆ. ಆಟದ ಮೇಲೆ ಮನಸ್ಸಿರಲಿಲ್ಲ, ಮೂಲೆಯ ಆ ಅಂಕಿಯ ಮೇಲಿತ್ತು. ಅದು ತೊಂಬತ್ತಕ್ಕೆ ಇಳಿದಾಗ ಲೆಕ್ಕ ಹಾಕಿದೆ, ಎಂಬತ್ತಕ್ಕೆ ಇಳಿದಾಗ ಮತ್ತೆ ಹಾಕಿದೆ. ಮಾವ ಮತ್ತು ತಾತ ಹಳ್ಳಿಕಾರ್ ಎತ್ತುಗಳ ಮಾತಿಗೆ ಬಿದ್ದಿದ್ದರು. ನಡುವೆ ತಾತ ಬಗ್ಗಿ ನೋಡಿ, ‘ಕಾಲೇಜಿನ ಮೇಡಂ ಅಂತೀರಿ, ಈ ಮಗ ಬರೀ ಗುಂಡು ಆರುಸ್ತಾ ಕೂತದಲ್ಲಪ್ಪ! ಯಾರಿಗವ್ವ ಇದು?’ ಎಂದರು.

ಮಾವ ಹೇಳಿಬಿಟ್ಟರು. ಕಿಡ್ನಿ, ಸೂಜಿ, ನಾಳೆಯ ಗುರುವಾರ, ಎಲ್ಲವನ್ನೂ. ನನ್ನ ಕಿವಿ ಬಿಸಿಯಾಯಿತು. ತಾತ ಎದ್ದು ಹೋಗಿ ಮಜ್ಜಿಗೆ ತಂದುಕೊಟ್ಟರು.

ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿದು, ಅಂಗಳದಿಂದ ಹುಲ್ಲಿನ ಮೆದೆಗೆ ಹತ್ತಿತು. ಅಂಕಿ ಇನ್ನೂ ಉಳಿದಿತ್ತು. ಅಷ್ಟು ಸಾಕು, ಹೊರಡೋಣ ಎಂದೆ. ಮಾವ ಬಿಡಲಿಲ್ಲ. ‘ಕೊನೇ ತಟುಕು ತನಕ ನೋಡ್ಬೇಕು. ಅಲ್ಲೇ ಮೋಸ ಇರದು.’ ಪರದೆ ತಾನಾಗಿ ಕಪ್ಪಾದಾಗ ನಾಲ್ಕು ಗಂಟೆಗೆ ಸ್ವಲ್ಪವೇ ಕಡಿಮೆ. ಬೆಳಕು ತಗ್ಗಿಸಿಟ್ಟರೆ ಆ ಸ್ವಲ್ಪವೂ ದಕ್ಕುತ್ತದೆ. ಅಳು ಬಂತು. ಕೆಮ್ಮಿದ ಹಾಗೆ ಮಾಡಿ ತಡೆದೆ.

ಬೆಲೆ ಮಾತಾಡುವಾಗ ಇಬ್ಬರೂ ದನದ ಜಾತ್ರೆಯಲ್ಲಿ ಮಾಡುವಂತೆ ಟವೆಲಿನಡಿ ಕೈ ಸೇರಿಸಿದರು. ಬೆರಳು ಹಿಡಿದು ಬಿಡುವುದು, ತಲೆ ಅಲ್ಲಾಡಿಸುವುದು, ಮತ್ತೆ ಹಿಡಿಯುವುದು. ಕೊಳ್ಳುವವಳು ನಾನು, ಬೆಲೆ ಎಷ್ಟೆಂದು ನನಗೇ ಗೊತ್ತಾಗಲಿಲ್ಲ. ಕೊನೆಗೆ ಮಾವ ಕಿವಿಯಲ್ಲಿ ಹೇಳಿದರು. ಆ್ಯಪಿನಲ್ಲಿ ಹಾಕಿದ್ದಕ್ಕಿಂತ ಕಡಿಮೆಯೇ. ಮನೆಯೊಳಗೆ ಫೋನಿಗೆ ಸಿಗ್ನಲ್ ಇರಲಿಲ್ಲ. ದುಡ್ಡು ಕಳಿಸಲು ನಾಲೆಯ ಏರಿಯ ಮೇಲೆ ಹೋಗಿ ನಿಂತೆ. ಬರುವಷ್ಟರಲ್ಲಿ ಚೀಲ ತುಂಬಿ ಗಾಡಿಯ ಮೇಲಿತ್ತು. ಕಾಯಿಲೆಯ ಮನೆಗೆ ಬರಿಗೈಯಲ್ಲಿ ಕಳಿಸಬಾರದೆಂದು ತಾತ ಎರಡು ತೆಂಗಿನಕಾಯಿಯನ್ನೂ ಅದರಲ್ಲೇ ಹಾಕಿದ್ದರು. ಚೀಲ ಭಾರವಾಗಿಯೇ ಇತ್ತು. ನಾನು ಬಿಚ್ಚಿ ನೋಡಲಿಲ್ಲ.

ಹೊತ್ತು ಮುಳುಗುವ ವೇಳೆಗೆ ಮನೆ ಮುಟ್ಟಿದೆವು. ಅವ್ವ ಬಾಗಿಲಲ್ಲೇ ತಡೆದು ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಇಟ್ಟಳು. ನಾನು ಅದನ್ನು ಅಣ್ಣನ ಮುಂದೆ ಇಟ್ಟು, ಚಾರ್ಜರಿಗಾಗಿ ಚೀಲಕ್ಕೆ ಕೈ ಹಾಕಿದೆ. ಒಂದು ಕಾಯಿ. ಇನ್ನೊಂದು ಕಾಯಿ. ಚೀಲವನ್ನು ಬೋರಲು ಹಾಕಿದೆ.

‘ಮಾವ, ಇದರ ವಯರು?’

‘ಯಾವ ವಯರವ್ವ?’

‘ಚಾರ್ಜರು. ಕಪ್ಪು ಡಬ್ಬಿ ಇರುವ ವಯರು. ಮಣೆಯ ಪಕ್ಕ ಇತ್ತಲ್ಲ.’

‘ಅದಾ? ಅದುನ್ನ ಅಲ್ಲೇ ಬುಟ್ಟೆ.’ ಮಾವ ನಿರಾಳವಾಗಿ ಹೇಳಿದರು. ‘ತಾತ ಕೊಡಾಕೆ ಬಂದ್ರು. ನಾನೇ ಬ್ಯಾಡ ಅಂದೆ. ಕೊಟ್ಟೋರ ಮನೆ ಅಗ್ಗ ಕೊಟ್ಟೋರ ಮನೇಲೇ ಇರ್ಬೇಕು. ತಂದ್ರೆ ಅಸ ಅತ್ಲಾಗೇ ತಿರುಗ್ತದೆ, ಈ ಮನೇಗೆ ಒಗ್ಗಕಿಲ್ಲ. ಬ್ಯಾರೆ ಯಾರಿಗಾದ್ರೆ ನೋಡ್ತಿರ್ನಿಲ್ಲ ಕನವ್ವ. ಈ ಮಗೀನ ಇಸ್ಯ. ಒಂದೂ ತಪ್ಪುಸ್ದಂಗೆ ಮಾಡ್ಕಂಡ್ ಬಂದಿವ್ನಿ.’

ನಮ್ಮ ಕಡೆ ಹಸು ಮಾರಿದವರು ಕುತ್ತಿಗೆಯ ಹಗ್ಗವನ್ನು ಕೊಡುವುದಿಲ್ಲ, ಕೊಂಡವರು ತಮ್ಮ ಹಗ್ಗ ತಂದು ಕಟ್ಟಿ ಹೊಡೆದುಕೊಂಡು ಹೋಗುತ್ತಾರೆ. ಚಿಕ್ಕಂದಿನಿಂದ ನೋಡಿದ್ದೆ. ಅದು ಇಲ್ಲಿಗೂ ಬರಬಹುದೆಂದು ಹೊಳೆದಿರಲಿಲ್ಲ.

‘ನಿನ್ ಫೋನಿಂದು ಆಯ್ತದಲ್ಲ ಅದ್ಕೆ?’ ಎಂದರು ಮಾವ, ನನ್ನ ಮುಖ ನೋಡಿ ದನಿ ಇಳಿಸಿ.

ಆಗುವುದಿಲ್ಲ ಎಂದೆ. ಹಳೆಯ ಯಂತ್ರ, ದುಂಡು ಮುಳ್ಳಿನ ಚಾರ್ಜರು, ಬೇರೆ ಯಾವುದೂ ಕೂರುವುದಿಲ್ಲ. ಬ್ಯಾಟರಿಯನ್ನು ಕೊನೆಯ ತೊಟ್ಟಿನ ತನಕ ನಾವೇ ಹಿಂಡಿ ನೋಡಿ ಬಂದಿದ್ದೆವು. ಪೇಟೆಯ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ಡಯಾಲಿಸಿಸ್ ಅರ್ಧ ಮುಗಿದಿರುತ್ತದೆ. ಒಂದು ಗುಂಡಿ ಒತ್ತಿದೆ. ಇನ್ನೊಮ್ಮೆ ಒತ್ತಿದೆ. ಕಪ್ಪು ಪರದೆಯಲ್ಲಿ ನನ್ನ ಮುಖ ಕೂಡ ಕಾಣಲಿಲ್ಲ, ಹೊಳೆಯದ ಪರದೆಯೇ ಬೇಕೆಂದು ಹುಡುಕಿ ತಂದಿದ್ದೆನಲ್ಲ.

‘ಬುಡು’ ಎಂದ ಅಣ್ಣ. ‘ನಂಗೊತ್ತಿತ್ತು.’

ಆ ಎರಡು ಮಾತಿನಲ್ಲಿ ಅವನು ಎಷ್ಟು ದೂರ ಹೋಗಿಬಿಟ್ಟ ಎಂದರೆ, ಕೈ ಚಾಚಿದರೂ ಸಿಗುವಂತಿರಲಿಲ್ಲ. ಅವ್ವ ಆರತಿ ತಟ್ಟೆ ಹಿಡಿದು ನಿಂತೇ ಇದ್ದಳು. ನಾನು ಖಾಲಿ ಚೀಲವನ್ನು ಮಡಿಸುತ್ತ ಕುಳಿತೆ.

ಹೊರಗೆ ಹೋಗಿ ಮಾರಿದವರಿಗೆ ಫೋನು ಮಾಡಿದೆ. ಅವರು ಮನೆಗೆ ವಿಚಾರಿಸಿ ತಿರುಗಿ ಮಾಡಿದರು. ನಗು ತಡೆಯಲು ಹೆಣಗುತ್ತಿದ್ದರು. ‘ಇದೆ ಮೇಡಂ, ಭದ್ರವಾಗಿದೆ. ಮಾರಿದ ಹಸಗಳ ಹಗ್ಗದ ಜೊತೆಗೆ ತಾತ ಅದನ್ನೂ ಕೊಟ್ಟಿಗೆ ಗೂಟಕ್ಕೆ ನೇತಾಕವ್ರೆ.’

ಒಳಗೆ ಬಂದು ಅದನ್ನು ಹಾಗೇ ಹೇಳಿದೆ. ನಗಿಸಲು ಹೇಳಲಿಲ್ಲ, ವರದಿ ಒಪ್ಪಿಸಿದೆ. ಆಮೇಲೆ ಅಣ್ಣನ ಕಡೆಯಿಂದ ಒಂದು ಸದ್ದು ಬಂತು. ಉಸಿರು ಕಟ್ಟಿತೇನೋ ಎಂದು ಧಾವಿಸಿದೆ. ಅವನು ನಗುತ್ತಿದ್ದ.

‘ಮಾವ,’ ಎಂದ, ನಡುನಡುವೆ ಉಸಿರೆಳೆಯುತ್ತ, ‘ಅದ್ರ ಕೊರಳ್ಗೆ ಗಂಟೆ ಕಟ್ಸ್ಕಂಡ್ ಬರ್ನಿಲ್ವಾ?’

‘ನಗು, ನಗು. ನಿಂಗೋಸ್ಕರ ಬಿಸ್ಲಲ್ಲಿ ಕೂತಿದ್ದೋನು ನಾನು’ ಎಂದರು ಮಾವ. ಅವರ ಕಣ್ಣು ತುಂಬಿತ್ತು. ‘ಬೆಳಗ್ಗೆ ಕೋಳಿ ಕೂಗೋ ಒತ್ಗೆ ಒಂಟ್ಬುಡ್ತೀನಿ. ಅಗ್ಗ ಬಿಚ್ಕಂಡು ನೆಟ್ಟಗೆ ಆಸ್ಪತ್ರೆಗೇ ತತ್ತೀನಿ. ನೀನು ಅಲ್ಲಿರು.’

‘ನಾನ್ ಬತ್ತೀನಿ ಅಂದ್ನಾ?’

ಅವ್ವ ಆರತಿ ತಟ್ಟೆ ಒಳಗಿಟ್ಟು ಬಂದು ಮಾವನಿಗೆ ಹಾಸಿಗೆ ಹಾಸಿದಳು.

ಬೆಳಿಗ್ಗೆ ಮಾವನ ಗಾಡಿ ಹೋದ ಸದ್ದು ಕೇಳಿತು. ಆಮೇಲೆ ಆಟೋ ಬಂದು ನಿಂತಿತು. ನಾನು ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ತೊಳೆಯುತ್ತಿದ್ದೆ. ಹೊರಗೆ ಹೋಗಿ ನೋಡಲು ಧೈರ್ಯ ಬರಲಿಲ್ಲ. ಅವ್ವ ಒಮ್ಮೆಯೂ ಅವನನ್ನು ಕರೆಯಲಿಲ್ಲ. ಆಟೋದವರು ಒಂದು ಸಲ ಹಾರನ್ ಮಾಡಿದರು, ಎಂಜಿನ್ ಆರಿಸಿದರು. ಮತ್ತೆ ಎಂಜಿನ್ ಶುರುವಾದಾಗ, ಹೊರಟುಹೋದರು ಎಂದುಕೊಂಡು ಗೋಡೆಗೆ ಒರಗಿದೆ.

‘ಬರ್ತಿಯೇನಮ್ಮಿ, ಇಲ್ಲಾ ನಾನೊಬ್ಬನೇ ಓಗ್ಲಾ?’ ಎಂದು ಅಣ್ಣ ಕೂಗಿದ.

ಆಟೋದಲ್ಲಿ ಕುಳಿತಿದ್ದ. ಸತ್ತ ಲ್ಯಾಪ್‌ಟಾಪು ತೊಡೆಯ ಮೇಲಿತ್ತು. ದಾರಿಯಲ್ಲಿ, ನಾನು ಕೇಳದಿದ್ದರೂ, ಹೇಳಿದ: ‘ಆ ಮನ್ಸ ಅಷ್ಟು ದೂರ ಓಗಿ ಬತ್ತನೆ. ಬಂದಾಗ ಬಯ್ಯಕ್ಕಾದ್ರೂ ನಾನ್ ಅಲ್ಲಿರ್ಬೇಕಲ್ಲ.’

ಮೈಯಲ್ಲಿ ನಿಂತ ನೀರಿನ ತೂಕ ನೋಡಿದ ಸಿಸ್ಟರ್ ಬೈಯಲಿಲ್ಲ. ಯಂತ್ರದ ಅಂಕಿಗಳನ್ನು ಎರಡೆರಡು ಸಲ ಸರಿಪಡಿಸಿ, ‘ಇವತ್ತು ಕಷ್ಟ ಆಗುತ್ತೆ, ತಡ್ಕೋಬೇಕು’ ಎಂದಷ್ಟೇ ಹೇಳಿದರು. ಅವರು ಹೇಳಿದಂತೆಯೇ ಆಯಿತು. ಡಯಾಲಿಸಿಸ್ ಅರ್ಧ ಮುಗಿದಾಗ ಕಾಲಿನ ಮೀನಖಂಡ ಕಲ್ಲಾಗಿ ಸೆಟೆಯಿತು. ನಾನು ಪಾದ ಹಿಡಿದು ಮೇಲಕ್ಕೆ ಒತ್ತಿ ನಿಂತೆ. ಹಣೆಯಲ್ಲಿ ಬೆವರು, ತುಟಿ ಬಿಳಿ. ಸಿಸ್ಟರ್ ಬಂದು ಮಂಚದ ತಲೆಯ ಭಾಗ ತಗ್ಗಿಸಿದರು. ಇಂಥ ಹೊತ್ತಿನಲ್ಲೇ ಅವನು ಎಂದಿನಂತೆ, ಸಾಕು, ಕಿತ್ತುಬಿಡಿ ಎಂದು ಗಲಾಟೆ ಮಾಡುತ್ತಿದ್ದದ್ದು. ನಾನು ಅದಕ್ಕಾಗಿ ಕಾಯುತ್ತಿದ್ದೆ, ಹಲ್ಲು ಕಚ್ಚಿಕೊಂಡು.

ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ: ‘ಮಾವ ಎಲ್ಲವ್ನಂತೆ?’

ಹೊರಗೆ ಹೋಗಿ ಫೋನು ಮಾಡಿ ಬಂದೆ. ‘ಶ್ರೀರಂಗಪಟ್ಟಣ ಬಿಟ್ಟಿದ್ದಾರೆ.’

‘ಈಗಾ? ಕೋಳಿ ಯಾವೂರಲ್ಲಿ ಕೂಗ್ತಂತೆ?’

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಪಾಂಡವಪುರದ ರೈಲ್ವೆ ಗೇಟಿನಲ್ಲಿ ನಿಂತಿದ್ದಾರಂತೆ ಎಂದೆ. ‘ಆ ಗೇಟ್ ಬಿದ್ರೆ ಏಳಕಿಲ್ಲ. ನನ್ ಟ್ರ್ಯಾಕ್ಟರು ಎಷ್ಟ್ ಸಲ ನಿಂತಿಲ್ಲ ಅಲ್ಲಿ’ ಎಂದ. ಆಮೇಲೆ ಚಿನಕುರಳಿ. ಅಲ್ಲಿ ಮಾವ ಕಾಫಿಗೆ ನಿಂತಿದ್ದಾರೆಂದು ಕೇಳಿ ಅಣ್ಣನಿಗೆ ನಿಜವಾಗಿಯೂ ಸಿಟ್ಟು ಬಂತು. ‘ನಾನಿಲ್ಲಿ ರಕ್ತ ಸೋಸ್ಕತಾ ಬಿದ್ದಿವ್ನಿ, ಅವ್ನಿಗೆ ಕಾಪಿ!’ ಪಕ್ಕದ ಮಂಚದವರು ನಕ್ಕರು. ನಾನು ಒಳಗೂ ಹೊರಗೂ ಓಡಾಡುತ್ತಿದ್ದೆ. ಆ ದಾರಿಯ ಒಂದೊಂದು ತಿರುವನ್ನೂ ಟ್ರ್ಯಾಕ್ಟರಿನಲ್ಲಿ ಹಾದವನು ಅವನು. ಸೂರಿನ ಮೇಲೆ ಆ ರಸ್ತೆಯನ್ನೇ ನೋಡುತ್ತಿದ್ದನೇನೋ. ತೊಡೆಯ ಪಕ್ಕದಲ್ಲಿ ಲ್ಯಾಪ್‌ಟಾಪು ಮುಚ್ಚಿಯೇ ಇತ್ತು. ಬಲಗೈ ಅದರ ಮೇಲಿತ್ತು.

ಯಂತ್ರ ಮುಗಿಯಿತೆಂದು ಕೂಗಿಕೊಂಡಾಗಲೂ ಮಾವ ಬಂದಿರಲಿಲ್ಲ. ಸೂಜಿ ತೆಗೆದರು. ರಕ್ತ ನಿಲ್ಲುವ ತನಕ ಹತ್ತಿ ಒತ್ತಿ ಹಿಡಿಯುವುದು ನನ್ನ ಕೆಲಸ. ಅವನನ್ನು ನಿಧಾನವಾಗಿ ಹೊರಗೆ ಕರೆತಂದು ಮೊಗಸಾಲೆಯ ಬೆಂಚಿನ ಮೇಲೆ ಕೂರಿಸುತ್ತಿದ್ದಾಗ ಮಾವ ಗೇಟಿನಲ್ಲಿ ಕಂಡರು. ಚಾರ್ಜರನ್ನು ಹಗ್ಗದ ಹಾಗೆಯೇ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದರು.

‘ಯಾಕ್ಲಾ ಇಷ್ಟೊತ್ತು?’ ಎಂದ ಅಣ್ಣ. ಮಾವನಿಗೆ ಹಾಗೆ ಅವನು ಎಂದೂ ಲಾ ಹಚ್ಚಿದವನಲ್ಲ.

ಮಾವ ಅದನ್ನು ಗಮನಿಸಿದಂತೆ ಕಾಣಲಿಲ್ಲ. ‘ತಾತ ಸುಲಭಕ್ಕೆ ಕೊಟ್ನಾ? ಗೂಟ ಬರಿದು ಬುಡಬಾರ್ದು ಅಂದ. ಶ್ರೀರಂಗಪಟ್ಣದಲ್ಲಿ ಅಂಗ್ಡಿ ಬಾಗ್ಲು ತೆಗಿಯಗಂಟ ಕಾದು, ಒಸ ಅಗ್ಗ ತಂದು, ಅದ್ರ ಜಾಗಕ್ಕೆ ನೇತಾಕಿ, ಇದುನ್ನ ಬಿಚ್ಕಂಡ್ ಬಂದೆ.’

ಮೊಗಸಾಲೆಯಲ್ಲಿ ಒಂದು ಪ್ಲಗ್ಗು ಇತ್ತು. ವಾಚ್‌ಮನ್ ಅವರನ್ನು ಕೇಳಿ ಚುಚ್ಚಿದೆವು. ಅಂಚಿನಲ್ಲಿ ಸಣ್ಣ ದೀಪ ಹತ್ತಿತು. ಅಣ್ಣನ ಎಡಗೈಯನ್ನು ನಾನು ಒತ್ತಿ ಹಿಡಿದಿದ್ದೆ, ಅವನು ಬಲಗೈಯಿಂದ ಟ್ಯಾಂಕು ಓಡಿಸಿದ. ನುಗ್ಗಿದ, ಎಂದಿನಂತೆ. ಹಿಂದೆ ಕೋಟೆಗೆ ಕಾವಲಿರಲಿಲ್ಲ. ನಿಮಿಷದೊಳಗೆ ಸೋತ. ಮತ್ತೆ ಶುರು ಮಾಡಿ ಮತ್ತೆ ಸೋತ.

ಸಿಸ್ಟರ್ ಊಟಕ್ಕೆ ಹೋಗುವಾಗ ನಿಂತರು. ‘ಸೋಮವಾರ ಬರ್ತೀರಾ, ಇಲ್ಲ ನಾನೇ ಫೋನ್ ಮಾಡಿ ಬೇಡ್ಕೋಬೇಕಾ?’

ನನ್ನ ಬೆರಳ ಕೆಳಗೆ, ಡಯಾಲಿಸಿಸ್‌ಗೆಂದು ಜೋಡಿಸಿದ ಅವನ ರಕ್ತನಾಳ ಗುಂಯ್ ಎಂದು ನಡುಗುತ್ತಿತ್ತು. ಅವನು ಪರದೆಯಿಂದ ಕಣ್ಣೆತ್ತಲಿಲ್ಲ.

‘ಅಸಾನ ಒಂದೊತ್ತು ಕರುದ್ರೆ ಗೊತ್ತಾಗಕಿಲ್ಲ ಸಿಸ್ಟರ್’ ಎಂದರು ಮಾವ, ಕೇಳದೆಯೇ. ‘ಎಲ್ಡೊತ್ತು ನೋಡ್ಬೇಕು.’

‘ನೀನು ಸುಮ್ನಿರು’ ಎಂದ ಅಣ್ಣ. ಗುಂಡಿಗಳು ಟಕ್ ಟಕ್ ಎನ್ನುತ್ತಿದ್ದವು. ತುಸು ಹೊತ್ತಿನ ಮೇಲೆ, ಯಾರಿಗೂ ಅಲ್ಲ ಎಂಬಂತೆ, ‘ಸೋಮ್ವಾರ ಪೂರಾ ಚಾರ್ಜ್ ಮಾಡ್ಕಂಡ್ ಬರ್ಬೇಕು. ನಾಲ್ಕ್ ಗಂಟೆ ಬತ್ತದೋ ಇಲ್ವೋ’ ಎಂದ.

ಬರುತ್ತೇನೆ ಎಂದು ಅವನು ಹೇಳಲಿಲ್ಲ. ಅದಾದ ಮೇಲಿನ ಗುರುವಾರದ ಮಾತೂ ಇರಲಿಲ್ಲ. ಹತ್ತಿಯ ಕೆಳಗೆ ರಕ್ತ ನಿಂತಿತ್ತು. ಆದರೂ ಕೈ ತೆಗೆಯಲು ಇನ್ನಷ್ಟು ಹೊತ್ತು ಬೇಕಾಯಿತು. ಹೊರಡುವಾಗ ಚಾರ್ಜರನ್ನು ಗೋಡೆಯಿಂದ ಕಿತ್ತು, ಸುತ್ತಿ, ಲ್ಯಾಪ್‌ಟಾಪಿನ ಚೀಲಕ್ಕೆ ಹಾಕದೆ ನನ್ನ ಚೀಲದಲ್ಲಿ ಇಟ್ಟುಕೊಂಡೆ.